ಎಡಗಿವಿ

ಇವರ ಎಡಗಿವಿ ಸತ್ತದ್ದು ಲೋವರ್ ಪರೇಲಿನ ಗಿರಣ್ಯಾಗ,
ಮೂರನೇ ಪಾಳಿಯೊಳಗ. ಒಮ್ಮೆಲೇ ಅಲ್ಲ,
ದಿನಾ ಒಂದೊಂದು ಸಪ್ಪಳ ಕಡಿಮಿ ಆಗಿ.
ಮೊದಲು ಹೋತು ಕುಕ್ಕರಿನ ಸೀಟಿ,
ಆಮ್ಯಾಲ ಕೂಸಿನ ಅಳು,
ಕಡೀಕ ನಾನು.

ಗಿರಣಿ ಹೋಗಿ ಮಾಲ್ ಬಂತು.
ಕಿವಿ ಬರಲಿಲ್ಲ.

ಆ ಕಿವಿ ನನಗ ಸಿಕ್ಕಿತು.
ಹತ್ತು ಫೂಟಿನ ಖೋಲಿ, ಅತ್ತಿ, ಮೈದುನ, ಎರಡು ಮಕ್ಕಳು,
ಮಾತಾಡಾಕ ಜಾಗಾ ಎಲ್ಲಿತ್ತು?
ದೀಪ ಆರಿದ ಮ್ಯಾಲ ಅತ್ತ ಹೊರಳಿ
ಅದರೊಳಗ ಹಾಕಿಬಿಡತಿದ್ದೆ,
ಹರಕು ಕಿಸೆದಾಗ ಚಿಲ್ಲರ ಹಾಕಿದಂಗ:
ಮೈದುನ ನನ್ನ ಬೆಂಡೋಲಿ ಅಡ ಇಟ್ಟದ್ದು,
ಒಂದು ಸಲ ಕಲ್ಯಾಣದಾಗ ಸೊಲ್ಲಾಪುರದ ಗಾಡಿ ಹತ್ತಿ
ಕಿಟಕಿ ಹಿಡಿದು ಕುಂತು, ಸೀಟಿ ಊದಿದಾಗ ಇಳಿದು ಬಂದದ್ದು.
ಬಲಗಿವಿಗೆ ನಾ ‘ನೀವು’ ಅಂತಿದ್ದೆ.
ಎಡಗಿವಿಗೆ ‘ನೀ’.

ಎಪ್ಪತ್ತೊಂದಕ್ಕ, ದಾದರಿನ ಪುಲ್ ಮ್ಯಾಲ, ಮಂದಿ ನಡುವ
ಕಣ್ಣು ಕತ್ತಲಿ ಬಂದು ಕುಂತುಬಿಟ್ರು.
ದವಾಖಾನ್ಯಾಗ ತಂತಿ ಹಚ್ಚಿ ನೋಡಿದ್ರ ಎಲ್ಲಾ ಸುದ್ದ.
‘ಪೊಲೀಸರು ಬಂದಾಗ ಕಳ್ಳ ಮನ್ಯಾಗ ಇರಂಗಿಲ್ಲ ಕಾಕೂ,’
ಅಂದಳು ಡಾಕ್ಟರ್ ಕೇತಕಿ,
ಕಡಲಿಕಾಳಿನಂಥದೊಂದು ಗುಂಡಿ ತಗದು:
ಹದಿನಾಕು ದಿನಾ ಕಿವ್ಯಾಗ ಇರಲಿ.
‘ಇದು ಬಂದ್ ಬಿದ್ದ ಗಿರಣಿ. ಬಲಕ್ಕ ಹಾಕು,’ ಅಂದ್ರು ಇವರು.
ಆಕಿ ನಕ್ಕಳು. ‘ನಿಮಗ ಕೇಳಸಾಕ ಅಲ್ಲ ಕಾಕಾ,
ನಿಮ್ಮನ್ನ ಕೇಳಾಕ.’

ಹೊರಗ ಬಂದು ಮತ್ತ ಒಳಗ ಹೋಗಿ ಕೇಳಿದೆ:
ಮಾತು ಹಿಡೀತೈತೇನವ್ವಾ ಇದು?
ಇಲ್ಲ, ಬರೇ ರಕ್ತದ ನಡಿಗಿ.
ನಂಬಲಿಲ್ಲ. ನಾಕು ರಾತ್ರಿ ಬೆನ್ನು ಮಾಡಿ ಮಲಗಿದೆ.

ಐದನೇ ರಾತ್ರಿ ತಡೀಲಿಲ್ಲ.
ಕಿವಿಯಂಚು ಒಳಗಿಂದ ಹಸರಾಗಿ ಮಿಣಕತಿತ್ತು,
ಮೊದಲನೇ ಸಲ ಯಾರೋ ಅಲ್ಲಿ ದೀಪ ಹಚ್ಚಿದಂಗ.
ಹೇಳಿಬಿಟ್ಟೆ:
ಎಲ್ಲಾರೂ ಮುತ್ತೈದಿ ಸಾವು ಬೇಡತಾರ.
ನಾ ಬೇಡಿಲ್ಲ.
ಒಂದೆರಡು ವರ್ಷ ಒಬ್ಬಾಕಿನಽ ಇರಬೇಕು ಅನಸ್ತೈತಿ.
ಸಿಟ್ಟಿಲ್ಲ ನಿನ್ನ ಮ್ಯಾಲ.
ಕಾಲು ಚಾಚಿ ಮಲಗಬೇಕು, ಅಷ್ಟಽ.

ಹದಿನೈದನೇ ದಿನ ಕಾಗದ ಬಿಚ್ಚಿದಳು.
ಇವರು ಚಾಳೀಸು ಏರಿಸಿ, ಬಟ್ಟಿ ತಪಾಸ ಮಾಡಿದಂಗ
ಬಟ್ಟು ಸವರಿಕೋತ ಹೋದ್ರು:
‘ಇಲ್ಲಿ ಲಾಳಿ ಜಿಗದೈತಿ.
ಇಲ್ಲಿ ಹೊಕ್ಕು ತಪ್ಪೈತಿ.
ಈ ಥಾನು ಪಾಸ್ ಆಗಂಗಿಲ್ಲ.’
‘ನೀವಽ ಡಾಕ್ಟರ್ ಕಾಕಾ,’ ಅಂದಳು ಕೇತಕಿ.
‘ಭಾಳ ಕೆಟ್ಟದ್ದು ಐದನೇ ರಾತ್ರಿ, ಹನ್ನೊಂದು ಹತ್ತಕ್ಕ.
ಒಂಬತ್ತು ನಿಮಿಷ ಬಡಿತಕ್ಕ ಲೆಕ್ಕಽ ಇಲ್ಲ.
ಎಚ್ಚರ ಇದ್ದಿರೇನು?’

ಇವರು ನನ್ನ ಕಡೆ ನೋಡಲಿಲ್ಲ.
‘ಸೊಳ್ಳಿ,’ ಅಂದ್ರು.

ರಕ್ತ ತೆಳ್ಳಗ ಮಾಡೋ ಗುಳಿಗಿ, ಮುಂಜಾನಿಗೊಂದು, ಸಂಜಿಗೊಂದು.
ಗಡ್ಡ ಹೆರೆಯುವಾಗ ಹುಷಾರು, ಕೊಯ್ದರ ರಕ್ತ ಲಗೂ ನಿಲ್ಲಂಗಿಲ್ಲ.
ಗುಂಡಿ ವಾಪಸ್ ಇಸಕೊಂಡು
ಸ್ಪಿರಿಟಿನಾಗ ಒರಸಿ ಡಬ್ಬಿಗೆ ಹಾಕಿದಳು,
ಇನ್ನೊಬ್ಬರ ಕಿವಿಗೆ.

ಆ ರಾತ್ರಿ ಹಾಸಿಗಿ ನಾ ಬಿಚ್ಚೋದರೊಳಗ ಇವರಽ ಬಿಚ್ಚಿದ್ರು.
ಗ್ವಾಡಿಗೆ ಹತ್ತಿ, ಮೈ ಸಣ್ಣ ಮಾಡಿ ಮಲಗಿದ್ರು,
ಎಡಗಿವಿ ಮ್ಯಾಲ ಮಾಡಿ,
ನನಗ ಮುಕ್ಕಾಲು ಹಾಸಿಗಿ ಬಿಟ್ಟು.