ಎಳೆ

ದೀಪಾವಳಿ ದಾಟಿತೆಂದರೆ ನನ್ನ ಮಗ್ಗಕ್ಕೆ ಎಂಟು ದಿನ ರಜೆ.
ಕುಣಿಯಿಂದ ಕಾಲು ಮೇಲೆತ್ತಿಕೊಂಡು
ಎರಡು ಓಣಿ ಆಚೆ
ಕಾಶೀಮಬಿಯ ಒಲೆಗೆ ಹೋಗುತ್ತೇನೆ.

ಗೌರಿ ಹುಣ್ಣಿಮೆಗೆ ಬೆಟಗೇರಿಯ ಹುಡುಗಿಯರೆಲ್ಲ
ಸಕ್ಕರೆ ಆರತಿ ಹಿಡಿಯಬೇಕಲ್ಲ.
ಆನೆ, ಒಂಟೆ, ನವಿಲು, ತುಳಸಿಕಟ್ಟೆ,
ಸಾಗವಾನಿಯ ಅಚ್ಚುಗಳು ರಾತ್ರಿಯಿಡೀ ನೀರಲ್ಲಿ ನೆನೆದು
ಮೈ ತೊಳೆಸಿಕೊಂಡ ಎಮ್ಮೆಗಳ ಹಾಗೆ ಕಪ್ಪಗೆ ಕೂತಿರುತ್ತವೆ.
ಜೋಡಿಸಿ ದಾರ ಬಿಗಿಯುವುದು ನನ್ನ ಕೆಲಸ.
ಗಂಟು ನೇಕಾರನದೇ ಆಗಬೇಕು ಅನ್ನುತ್ತಾಳೆ.

ಕುದಿಗೆ ಹಾಲು ಚಿಮುಕಿಸಿ, ಬುರುಗು ತೆಗೆದು ಚೆಲ್ಲಿ,
ತೋರುಬೆರಳಿಗೆ ಪಾಕ ತಗೊಂಡು
ಹೆಬ್ಬೆರಳಿಗೆ ಮುಟ್ಟಿಸಿ ಬಿಡಿಸುತ್ತಾಳೆ.
"ಎಳಿ ಬಂತು."
ನಲವತ್ತು ವರ್ಷ ಎಣಿಸಿದ ಎಳೆಗಳಲ್ಲಿ
ಇಷ್ಟು ಸಣ್ಣದು ನನ್ನ ಕೈಗೆ ಸಿಕ್ಕಿಲ್ಲ.

ಆಮೇಲೆ ತಿಕ್ಕಬೇಕು.
ಬೋಗುಣಿಯ ಗೋಡೆಗೆ ಸೌಟಿನ ಬೆನ್ನು ಹಚ್ಚಿ
ಒಂದೇ ಕಡೆ, ಒಂದೇ ಕಡೆ,
ಗಾಜಿನಂಥ ಪಾಕದೊಳಗೆ ಮೋಡ ಏಳುವ ತನಕ.
ಒಂದು ಹರಳು ಹುಟ್ಟಿದರೆ ಸಾಕು,
ಅದಕ್ಕೆ ಮೈ ಹಚ್ಚಿ ಇನ್ನೊಂದು,
ಇನ್ನೊಂದಕ್ಕೆ ಓಣಿಯೇ ಬಂದು ನಿಲ್ಲುತ್ತದೆ.
ಅಚ್ಚಿಗೆ ಹೊಯ್ಯಲು ಆಗ ಎಣಿಸಿ ಹತ್ತು ಉಸಿರು.

ಮೊದಲ ವರ್ಷ
ಆರಲು ಇಳಿಸಿಟ್ಟ ಪಾಕಕ್ಕೆ ನನ್ನ ಅಂಗಿತೋಳಿಂದ
ಒಣ ಸಕ್ಕರೆಯ ನಾಲ್ಕು ಕಾಳು ಉದುರಿದವು.
ಕಂಡು ಕಾಣುವುದರೊಳಗೆ ಬೋಗುಣಿಗೆ ಬೋಗುಣಿಯೇ ಕಲ್ಲು;
ಸೌಟು ಅದರಲ್ಲಿ ನೆಟ್ಟಗೆ ನಿಂತಿತು, ನನ್ನ ಹಾಗೆ,
ಬೈಗುಳಕ್ಕೆ ಕಾಯುತ್ತ.
ಆಕೆ ಒಂದು ತಂಬಿಗೆ ನೀರು ಸುರಿದು ಮತ್ತೆ ಒಲೆಗೇರಿಸಿದಳು.
"ಕರಗತೈತಿ ಬಿಡೋ ಬನಪ್ಪಾ.
ನೂಲಲ್ಲ ಇದು, ಹರದ್ರ ಗಂಟ ಹಾಕಾಕ."

ಹೋದ ಸಲ ತಿಕ್ಕದೆ ಉಳಿದ ಪಾಕವನ್ನು
ಉಪ್ಪಿನಕಾಯಿ ಶೀಶೆಗೆ ಸುರಿದು ಮಾಡದಲ್ಲಿಟ್ಟು ಮರೆತಳು.
ಅಚ್ಚು ಬಿಗಿದ ದಾರದ ತುಂಡೊಂದು
ಅಂಚಿನಿಂದ ಒಳಗೆ ಇಳಿಬಿದ್ದಿತ್ತು.
ಹೋಳಿಯ ಹೊತ್ತಿಗೆ ಮೊಮ್ಮಗಳು ಶಮಾ ಅದನ್ನು ಎಳೆದಳು:
ನನ್ನದೇ ಹಾಸಿನ ಕೆಂಪು ನೂಲು,
ಅದರ ಗುಂಟ ಹರಳು,
ಅಕ್ಕಸಾಲಿ ಕೂತು ಮೂಲೆ ಮೂಲೆ ತಿದ್ದಿದ ಹಾಗೆ.
ಯಾರೂ ತಿಕ್ಕಿರಲಿಲ್ಲ. ಅಚ್ಚು ಕಟ್ಟಿರಲಿಲ್ಲ.
ಕತ್ತಲೆಯಲ್ಲಿ, ಇರುವೆಗೂ ಸುದ್ದಿ ಹೋಗದ ಹಾಗೆ.

"ಇದಕ್ಕ ಎಷ್ಟ ದಿನ ಹಿಡೀತು, ಅಜ್ಜಾ?"

ನಾನು ಬೆರಳು ಮಡಚಿ ಲೆಕ್ಕ ಹಾಕುವುದರೊಳಗೆ
ಬಾಯಿಗಿಟ್ಟುಕೊಂಡಿದ್ದಳು.
ದಾರದ ತುದಿ ಮಾತ್ರ
ತುಟಿಯಾಚೆ ಜೋತಾಡುತ್ತಿತ್ತು.