ಲೋಟಾದ ಚೌಕದಲ್ಲಿ

ಬ್ರೆಡ್ಡು ತರಲು ಹೊರಟೆ. ಮಗಳಿಗೆ ಹಾಗೆಂದೇ ಹೇಳಿದ್ದೆ.
ಬೇಕರಿಗೆ ಚೌಕ ಹಾದು ಹೋಗಬೇಕಿಲ್ಲ,
ಅದು ಅವಳಿಗೂ ಗೊತ್ತು.

ಆ ಮನುಷ್ಯ ನಾಲ್ಕಕ್ಕೆ ಬರುತ್ತಾನೆಂದು ಗೋಡೆಗೋಡೆಯೂ ಸಾರಿತ್ತು.
ಅರ್ಧ ಪೋಸ್ಟರುಗಳಲ್ಲಿ ಯಾರೋ ಅವನಿಗೆ ಕೊಂಬು ಬರೆದಿದ್ದರು,
ಇನ್ನರ್ಧದ ಕೆಳಗೆ ಹೂವಿಟ್ಟಿದ್ದರು.
ಅವನ ಹೆಸರು ಹಿಡಿದು ನಮ್ಮ ಬೀದಿಯ ಇಬ್ಬರು ಅಣ್ಣತಮ್ಮಂದಿರು
ಮಾತು ಬಿಟ್ಟು ಎಂಟು ತಿಂಗಳು.
ಕೊಂಬೋ ಹೂವೋ, ಕಣ್ಣಾರೆ ಕಂಡೇ ಬರೋಣವೆಂದು
ಹಸಿರು ಕೋಟು ತೊಟ್ಟೆ.

ಸಮುದ್ರದ ಕಡೆಯಿಂದ ಮೀನುಹಿಟ್ಟಿನ ಕಾರ್ಖಾನೆಯ ನಾತ.
ಹೊರಗಿನವರು ಮೂಗು ಮುಚ್ಚಿಕೊಳ್ಳುತ್ತಾರೆ.
ಅವನು ಮುಚ್ಚಲಿಲ್ಲ.
ಮೊದಲು ಗಮನಿಸಿದ್ದು ಇದನ್ನೇ, ಮೆಚ್ಚಿದೆ ಕೂಡ.
ಟೀವಿಯಲ್ಲಿ ಕಂಡದ್ದಕ್ಕಿಂತ ಗಿಡ್ಡ.
ಕೆಮ್ಮು ಬಂದಾಗ ಮೈಕಿನಿಂದ ಮುಖ ತಿರುಗಿಸಿ
ಅಂಗೈಗೆ ಕೆಮ್ಮಿದ, ತಾಯಿ ಕಲಿಸಿದ ಹುಡುಗನ ಹಾಗೆ.

ನನ್ನ ಎಡಕ್ಕೆ ಎಲಿಯೊದೊರೊ, ಗಂಡನ ಜೊತೆ ಗಣಿಗಿಳಿಯುತ್ತಿದ್ದವ,
ಎದೆಯಲ್ಲಿ ಇನ್ನೂ ಕಲ್ಲಿದ್ದಲ ಸೀಟಿ.
ಬಲಕ್ಕೊಬ್ಬಳು ಹುಡುಗಿ, ಅವನನ್ನು ಬೈದು ಬರೆದ ಬ್ಯಾನರು,
ಅದರಲ್ಲೊಂದು ಕಾಗುಣಿತ ತಪ್ಪು.
ಇನ್ನೊಂದು ತುದಿ ಹಿಡಿಯುವವರಿಲ್ಲದೆ
ಲೈಟುಕಂಬಕ್ಕೆ ಕಟ್ಟಿದ್ದಳು.

ಶುರುವಿಗೆ ಧ್ವಜ, ದೇವರು, ಚಿಲಿ. ನಾನು ಪಾರಿವಾಳ ಎಣಿಸಿದೆ.
ಆಮೇಲೆ ಅವನು ದನಿ ಇಳಿಸಿದ:
"ಬೆಳಗಿನ ಜಾವ ನಾಲ್ಕಕ್ಕೇ ಆಸ್ಪತ್ರೆ ಮುಂದೆ ನಿಲ್ಲುತ್ತೀರಿ.
ಕಾಲಿಗೆ ಚಳಿ ಹತ್ತದಿರಲೆಂದು ರಟ್ಟು ಹಾಸಿಕೊಳ್ಳುತ್ತೀರಿ.
ಹನ್ನೆರಡನೆಯ ನಂಬರಿಗೆ ಕಿಟಕಿ ಮುಚ್ಚುತ್ತದೆ.
ನೀವು ಹದಿಮೂರನೆಯವರು. ಯಾವಾಗಲೂ."

ರಟ್ಟು! ರಟ್ಟಿನ ವಿಷಯ ಇವನಿಗೆ ಹೇಳಿದವರಾರು?
ಗಂಡ ಸತ್ತ ಚಳಿಗಾಲ ನನ್ನ ಕಾಲಡಿ ಇದ್ದದ್ದು
ಎಣ್ಣೆಬಾಟಲಿ ತುಂಬಿ ಬಂದಿದ್ದ ಒಂದು ಪೆಟ್ಟಿಗೆಯ ರಟ್ಟು.
ಮಂತ್ರಿಗಳು, ಪಾದ್ರಿಗಳು, ಇಷ್ಟು ವರ್ಷ ನನ್ನ ಓಟು ಒಯ್ದ ಸಭ್ಯರು,
ಒಬ್ಬರ ಬಾಯಲ್ಲೂ ಆ ಪದ ಕೇಳಿರಲಿಲ್ಲ.
ಗಂಟಲುಬ್ಬಿತು.

ಅಲ್ಲಿಗೇ ನಿಲ್ಲಿಸಿದ್ದರೆ!
ಉಸಿರೂ ಎಳೆಯದೆ ಮುಂದುವರಿಸಿದ:
"ನಿಮ್ಮ ಮುಂದಿನ ಆ ಹನ್ನೆರಡು ಮಂದಿ ಯಾರು?
ಮೊನ್ನೆ ವಿಮಾನ ಇಳಿದವರು."

ಚೌಕವೆಲ್ಲ ಗುಡುಗಿತು.
ಗುಡುಗಿನ ಒಳಗೊಂದು ಸಣ್ಣ ಪಟಪಟ,
ತೀರಾ ಹತ್ತಿರದಿಂದ. ಬಗ್ಗಿ ನೋಡಿಕೊಂಡೆ.
ಒಂದು ಕೈಯಲ್ಲಿ ಚಪ್ಪಾಳೆ ಆಗದು ಅನ್ನುತ್ತಾರೆ.
ಎರಡೂ ನನ್ನವೇ.

ರಟ್ಟಿಗೆ ತಟ್ಟಿದ್ದು, ವಿಮಾನಕ್ಕಲ್ಲ,
ಎಂದು ನನಗೆ ನಾನೇ ಹೇಳಿಕೊಂಡೆ.
ಚಪ್ಪಾಳೆಯಲ್ಲಿ ಅಲ್ಪವಿರಾಮ ಇರುವುದಿಲ್ಲ.

ಬ್ಯಾನರಿನ ಹುಡುಗಿ ನನ್ನನ್ನೇ ನೋಡಿದಳು.
ಬೈದಿದ್ದರೆ ತಿರುಗಿ ಬೈಯಬಹುದಿತ್ತು.
"ಹಾಗೆ ಬಾ ದಾರಿಗೆ, ಎದುವಿನಾ" ಎಂದು
ಎಲಿಯೊದೊರೊ ಬೆನ್ನು ತಟ್ಟಿದ. ಅದು ಇನ್ನೂ ಕಷ್ಟ.
ಬ್ರೆಡ್ಡು ಮರೆತೇಹೋಯಿತು. ಮಗಳು ಕೇಳಲಿಲ್ಲ.

ಮಂಗಳವಾರ ಗ್ಯಾಸಿನ ದಿನ.
ಕೆಳಗಿನ ತಿರುವಿನಲ್ಲಿ ಸಿಲಿಂಡರಿಗೆ ಸರಳು ಬಡಿಯುವ ಠಣಠಣ.
ವಿಸ್ನೆಲ್ ಹತ್ತಿ ಬರುತ್ತಾನೆ, ಹೈಟಿಯವನು,
ನೂರಾ ಹದಿನಾಲ್ಕು ಮೆಟ್ಟಿಲು, ಹೆಗಲ ಮೇಲೆ ಹದಿನೈದು ಕಿಲೋ.
ಬಂದು ಐದು ವರ್ಷವಾಯಿತು. ಮೊನ್ನೆಯಲ್ಲ.

ನಿಜ ಹೇಳಬೇಕು:
ಒಮ್ಮೆ ಆ ಸಾಲಿನಲ್ಲಿ ನನ್ನ ಮುಂದೆ ಅವನೇ ಇದ್ದ,
ಜ್ವರದ ಮಗುವನ್ನು ಕೋಟಿನೊಳಗೆ ಅವುಚಿಕೊಂಡು.
ಹನ್ನೆರಡನೆಯವ.
ಕಿಟಕಿ ಮುಚ್ಚಿದಾಗ ನಾನು ಏನಂದುಕೊಂಡೆನೆಂದು
ಇವತ್ತಿನವರೆಗೂ ಯಾರಿಗೂ ಹೇಳಿಲ್ಲ, ಪಾದ್ರಿಗೂ.
ಚೌಕದ ಆ ಮನುಷ್ಯನಿಗೆ ಹೇಗೆ ಗೊತ್ತಾಯಿತೋ.

ವಿಸ್ನೆಲ್ ನಳಿಕೆ ಸಿಕ್ಕಿಸಿದ, ಸಾಬೂನು ನೊರೆ ಹಚ್ಚಿದ,
ಬಗ್ಗಿ ಕಿವಿಗೊಟ್ಟ.
"ಎಲ್ಲೂ ಸೋರುತ್ತಿಲ್ಲ, ಸೆನ್ಯೋರಾ."

ಇನ್ನೊಂದು ಸಲ ನೋಡಪ್ಪಾ, ಅಂದೆ.