ಮೂರನೆಯ ತಂತಿ

ಬೀದಿಯ ಕಂಬದಲ್ಲಿ ಮೂರು ಫೇಸು, ಒಂದು ನ್ಯೂಟ್ರಲ್,
ನಾಲ್ಕರ ಮೇಲೂ ಕಾಗೆಗಳು.
ನಮ್ಮ ಮನೆಗೆ ಇಳಿದದ್ದು ಒಂದೇ ಫೇಸು.
ಕುಲಶೇಖರದ ಈ ಓಣಿಯಲ್ಲಿ ಎಲ್ಲರಿಗೂ ಅಷ್ಟೇ:
ಮಿಕ್ಸಿಗೆ ಸಾಕು, ಫ್ಯಾನಿಗೆ ಸಾಕು,
ಸೆವ್ರಿನಳ ಗ್ರೈಂಡರಿಗೆ ಸಾಕು.

ಆದರೆ ನಾನು ತಂದದ್ದು ಲೇತು.
ಹೊಳೆ ಬದಿಯ ಹೆಂಚಿನ ಕಾರ್ಖಾನೆ ಮುಚ್ಚಿದಾಗ
ಗುಜರಿಯವನಿಗಿಂತ ಕಿಲೋಗೆ ಎರಡು ರೂಪಾಯಿ ಹೆಚ್ಚು ಕೊಟ್ಟು,
ಮೀನಿನ ಟೆಂಪೊದಲ್ಲಿ ಹೇರಿ,
ಬೂತಾಯಿ ವಾಸನೆಯ ಸಮೇತ.
ಬೆಡ್ಡಿನ ಸಂದಿಯಲ್ಲಿ ಇನ್ನೂ ಕೆಂಪು ಮಣ್ಣು.
ಮೋಟರಿನ ಮೈಮೇಲೆ ಹಿತ್ತಾಳೆಯ ಪಟ್ಟಿ:
ನಾನ್ನೂರ ಹದಿನೈದು ವೋಲ್ಟು, ಮೂರು ಫೇಸು.

ಮೆಸ್ಕಾಂ ಕಚೇರಿಯಲ್ಲಿ ಅರ್ಜಿಯ ಹಿಂದೆ ಇನ್ನೊಂದು ಅರ್ಜಿ.
ಠೇವಣಿಯ ಮೊತ್ತ ಕೇಳಿ ನಾನು ಎದ್ದೆ,
ಅವರೂ ಊಟಕ್ಕೆ ಎದ್ದರು.

ಆ ರಾತ್ರಿ, ಬುದ್ಧಿಯಿಲ್ಲದೆ, ಇದ್ದ ಒಂದನ್ನೇ ಕೊಟ್ಟೆ.
ಮೋಟರು ತಿರುಗಲಿಲ್ಲ. ಹೂಂ ಅಂತ ಕೂತಿತು.
ಕಥೆ ಕೇಳುವ ಮಗುವಿನ ಹೂಂ ಅಲ್ಲ,
ಗಂಟಲಲ್ಲಿ ಅನ್ನ ಸಿಕ್ಕಿದವನದ್ದು.
ಬಲ್ಬು ಕೆಂಪಾಯಿತು.
ಒಳಗಿಂದ ಸೆವ್ರಿನ್: "ಎಂತ ಹೇಳ್ತಾ ಉಂಟು ಅದು?"
ಬೆಲ್ಟು ಬಿಚ್ಚಿ, ಪುಲ್ಲಿಯನ್ನು ಕೈಯಲ್ಲಿ ಒಮ್ಮೆ ದೂಡಿದೆ.
ತಿರುಗಿತು, ಬಲಕ್ಕೆ.
ನಿಲ್ಲಿಸಿ ಎಡಕ್ಕೆ ದೂಡಿದೆ.
ಎಡಕ್ಕೂ ತಿರುಗಿತು, ಅಷ್ಟೇ ಖುಷಿಯಲ್ಲಿ.
ಹುರುಪು ಉಂಟು, ದಿಕ್ಕಿಲ್ಲ.
ಹತ್ತು ನಿಮಿಷಕ್ಕೆ ಮೈ ಮುಟ್ಟಲಾಗದಷ್ಟು ಜ್ವರ.

"ಕೊಲ್ಲುವುದಿದ್ದರೆ ಹೀಗೇ ಮಾಡು" ಎಂದರು
ವೈಂಡಿಂಗ್ ಮೊಯ್ದಿನಬ್ಬ.
ಬಂದರಿನ ಅವರ ಅಂಗಡಿಯಲ್ಲಿ ಈಗ ಮೊಬೈಲು ಮಾರುತ್ತಾರೆ.
ನಲವತ್ತು ವರ್ಷ ಮೋಟರುಗಳ ನಡುವೆ ಕೂತು
ಕಿವಿ ಹೋಗಿದೆ;
ಸ್ಕ್ರೂಡ್ರೈವರಿನ ತುದಿ ಬೇರಿಂಗಿಗೆ, ಹಿಡಿ ದವಡೆಗೆ ಇಟ್ಟು
ಕಣ್ಣು ಮುಚ್ಚುತ್ತಾರೆ. ಹಾಗೆ ಕೇಳುತ್ತದಂತೆ.

ಬಿಚ್ಚಿದರು. ವಾರ್ನಿಶಿನಲ್ಲಿ ಕಲ್ಲಾದ ತಂತಿಗಳ ಅಡಿಯಲ್ಲಿ
ಮೂರು ತುದಿ ಒಂದನ್ನೊಂದು ಹಿಡಿದುಕೊಂಡ ಗಂಟು.
ಯಾರೋ ಕಟ್ಟಿ, ನೂಲು ಸುತ್ತಿ,
ಇನ್ನು ಇದನ್ನು ನೋಡುವವರಿಲ್ಲ ಎಂದು ಬಿಟ್ಟದ್ದು.
ಬ್ಲೇಡಿನಲ್ಲಿ ಕೆರೆದು, ಉಸಿರು ಹಿಡಿದು, ಬಿಡಿಸಿದರು.
"ಸ್ಟಾರ್ ಹೋಯಿತು, ಇನ್ನು ಡೆಲ್ಟಾ.
ಮನೆಯ ಕರೆಂಟಿನಲ್ಲಿ ಬದುಕುತ್ತದೆ.
ಮೂರನೆಯದ್ದು ಮಾತ್ರ ನಾವೇ ಹುಟ್ಟಿಸಬೇಕು."

ಮರುದಿನ ರಿಕ್ಷಾದಲ್ಲಿ
ಅಕ್ಕಿ ಮಿಲ್ಲಿನ ಹಳೆಯ ಹಸಿರು ಮೋಟರು, ಮೂರು ಎಚ್‌ಪಿ,
ಅದರ ಗಂಟನ್ನೂ ಮೊದಲೇ ಬಿಡಿಸಿ,
ಪಕ್ಕದಲ್ಲಿ ಅವರು,
ಮದುಮಗಳ ಜೊತೆ ಬರುವ ದೊಡ್ಡಪ್ಪನ ಹಾಗೆ.
ಇದಕ್ಕೆ ಬೆಲ್ಟಿಲ್ಲ, ಪುಲ್ಲಿಯಿಲ್ಲ, ಕೆಲಸವಿಲ್ಲ.
ಶಾಫ್ಟಿಗೆ ಬಲೆಯ ಹಗ್ಗ ಸುತ್ತಿ ಎಳೆಯಬೇಕು,
ತಿರುಗುತ್ತಿರುವಾಗಲೇ ಸ್ವಿಚ್ಚು.
ಆಮೇಲೆ ಸುಮ್ಮನೆ ತಿರುಗಲಿ.
ಸುಮ್ಮನೆ ತಿರುಗುವಾಗಲೇ ಅದರ ಮೂರನೆಯ ತುದಿಯಲ್ಲಿ
ಕಂಬದಿಂದ ಇಳಿಯದ್ದು, ಯಾರೂ ಮಂಜೂರು ಮಾಡದ್ದು
ಹುಟ್ಟಿಕೊಳ್ಳುತ್ತದೆ.

ಮೀಟರಿನ ಮುಳ್ಳು ನೂರ ತೊಂಬತ್ತಕ್ಕೆ ಬಂದು ನಡುಗಿತು.
ಒಂದು ಕೆಪಾಸಿಟರು, ಇನ್ನೊಂದು,
ಬಾವಿಯ ಪಂಪಿನಿಂದ ಕಳಚಿದ ಮತ್ತೊಂದು,
ಸಾರಿಗೆ ಉಪ್ಪು ನೋಡುವ ಹಾಗೆ.
ಇನ್ನೂರ ಹನ್ನೆರಡು.
"ಸಾಕು ಮಾರಾಯ, ಹೆಚ್ಚಾದರೆ ಕಾದೀತು."

ಲೇತು ತಾನೇ ಎದ್ದಿತು. ಯಾರೂ ದೂಡಲಿಲ್ಲ.
ತಿರುಗಿದ್ದು ಮಾತ್ರ ತಪ್ಪು ದಿಕ್ಕಿಗೆ.
ಎರಡು ತಂತಿ ಅದಲು ಬದಲು ಮಾಡಿದರು, ಸರಿಯಾಯಿತು.
ಇಷ್ಟು ಸುಲಭ ಎಂದು ನನಗೆ ಸ್ವಲ್ಪ ಸಿಟ್ಟೂ ಬಂತು.

ಮೊದಲು ಕಡೆದದ್ದು ಬೆಂಗ್ರೆಯ ದೋಣಿಯ ಹಿತ್ತಾಳೆ ಬುಶ್ಶು.
ಸುರುಳಿ ಸುರುಳಿ ಚೂರು ಹಾರಿ
ಅವರ ಬಿಳಿ ಗಡ್ಡದಲ್ಲಿ ಕೂತವು.

ಈಗ ದಿನವೂ ಅಸರ್ ಮುಗಿಸಿ ಬರುತ್ತಾರೆ.
ಹಸಿರು ಮೋಟರಿನ ಪಕ್ಕ ಸ್ಟೂಲು,
ಅದರ ಬೆನ್ನ ಮೇಲೆ ಅಂಗೈ.
ಕೆಲಸ ಏನೂ ಮಾಡುವುದಿಲ್ಲ.
ಅವರು ಬಾರದ ದಿನ ನನ್ನ ಅಳತೆ
ಒಂದು ನೂಲು ತಪ್ಪುತ್ತದೆ.

ಮೊನ್ನೆ ಮೀಟರ್ ಓದುವ ಹುಡುಗಿ ಶೆಡ್ಡಿಗೆ ಇಣುಕಿ ಕೇಳಿದಳು:
"ಅದು ಎಂತಕ್ಕೆ? ಶಾಫ್ಟಿಗೆ ಏನೂ ಕಟ್ಟಿಲ್ಲ.
ಸುಮ್ಮನೆ ಕರೆಂಟು ತಿನ್ನುವುದಾ?"
ನಾನು ಉತ್ತರ ಹುಡುಕುತ್ತಿದ್ದೆ.
ತನ್ನನ್ನೇ ಕೇಳಿದಳೆಂದು ಮೊಯ್ದಿನಬ್ಬ
ತಲೆಯೆತ್ತಿ, ಬಹಳ ಗೌರವದಿಂದ ಹೇಳಿದರು:
"ಚಾ ಆಗಬಹುದು. ಸಕ್ಕರೆ ಬೇಡ."